ಆನೆ ಪ್ಲೇಟು, ನವಿಲು ಪ್ಲೇಟು

ಗೌನಿಪಲ್ಲಿ ಮದುವೆ ನಿಂತುಹೋಗುವ ಹಂತಕ್ಕೆ ಬಂದದ್ದು ಸಾವಿನ ಹಾಡಿನಿಂದಲ್ಲ, ಶಾಸ್ತ್ರೀಯ ಸಂಗೀತದಿಂದ. ಜನ ಬೇರೆ ಬೇರೆ ಥರ ಹೇಳುತ್ತಾರೆ. ಹೇಳಿಕೊಳ್ಳಲಿ. ಗ್ರಾಮಫೋನ್ ಪ್ಲೇಟಿನ ಮೇಲೆ ಸೂಜಿ ಇಟ್ಟವಳು ನಾನು, ಅವರಲ್ಲ.

ನನ್ನ ಹೆಸರು ಪಾಪಮ್ಮ. ಶ್ರೀನಿವಾಸಪುರದಲ್ಲಿ ಬರೀ ಪಾಪಮ್ಮ ಅಂದರೆ ಹತ್ತು ಜನ ತಿರುಗುತ್ತಾರೆ, ಮೈಕ್ ಸೆಟ್ ಪಾಪಮ್ಮ ಅಂದರೆ ನಾನೊಬ್ಬಳೇ. ಓದಿದ್ದು ನಾಲ್ಕನೇ ಕ್ಲಾಸು. ಮದುವೆ, ನಾಮಕರಣ, ಗೃಹಪ್ರವೇಶ, ಸಾವು, ಎಲೆಕ್ಷನ್ನು, ಎಲ್ಲಕ್ಕೂ ಹಾರ್ನು ಕಟ್ಟಿಸಿ ಪ್ಲೇಟು ಹಾಕಿದ್ದೇನೆ. ಈಗ ನನ್ನ ಮೊಮ್ಮಗ ಅದೇ ಕೆಲಸಕ್ಕೆ ಇಳಿದಿದ್ದಾನೆ. ಬೀರು ಗಾತ್ರದ ಸ್ಪೀಕರ್ ಡಬ್ಬಗಳನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾನೆ. "ನಿಮ್ ಕಾಲದಲ್ಲಿ ಏನಿತ್ತಜ್ಜಿ, ಎರಡು ಹಾರ್ನು, ಒಂದು ಸೂಜಿ" ಅಂತಾನೆ. ಅವನಿಗೂ ಅವನ ಜೊತೆಗಾರರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಸನ್ಮಾನ ಆದದ್ದು, ಶಾಲು ಹೊದಿಸಿದ್ದು ಇದರಲ್ಲಿ ಇಲ್ಲ. ಶಾಲು ತೆಳ್ಳಗಿತ್ತು, ಅಷ್ಟೇ ನೆನಪು.

ನಾನು ಈ ಕೆಲಸಕ್ಕೆ ಆಸೆಪಟ್ಟು ಬಂದವಳಲ್ಲ. ಸೆಟ್ಟು ನನ್ನ ಗಂಡ ಸೊಣ್ಣಪ್ಪನದು. ಕ್ಯಾಲನೂರಿನಲ್ಲಿ ಒಂದು ಮದುವೆಗೆ ಹುಣಸೆಮರದಲ್ಲಿ ಹಾರ್ನು ಕಟ್ಟುವಾಗ ಬಿದ್ದ, ಸೊಂಟ ಹೋಯಿತು. ಕೆಂಪಿರುವೆ ಕಚ್ಚಿತು ಅಂತ ಅವನು ಹೇಳುತ್ತಿದ್ದ. ಹೆಂಡ ಅಂತ ಮರದ ಕೆಳಗೆ ನಿಂತಿದ್ದವರು ಹೇಳಿದರು. ಎರಡೂ ಇರಬಹುದು. ಆಮೇಲೆ ಅವನು ಅಂಗಡಿಯಲ್ಲಿ ಕೂತು ಆಂಪ್ಲಿಫೈಯರು ರಿಪೇರಿ ಮಾಡಿಕೊಂಡಿದ್ದ, ನಾನು ಊರೂರು ತಿರುಗಿದೆ. ಹೆಂಗಸು ಮರ ಹೇಗೆ ಹತ್ತುತ್ತಾಳೆ ಅಂತ ಎಲ್ಲರೂ ಕೇಳಿದರು. ನಾನು ಒಂದು ಮರವನ್ನೂ ಹತ್ತಲಿಲ್ಲ. ಬುಡದಲ್ಲಿ ಹಾರ್ನು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೇನು ಹತ್ತುವವಳ ಥರ ಮೇಲೆ ನೋಡುತ್ತಾ ನಿಂತರೆ ಸಾಕು, ಊರಿನ ಗಂಡಸರು ನಾ ಮುಂದು ತಾ ಮುಂದು ಅಂತ ಹತ್ತುತ್ತಿದ್ದರು.

ಮೈಕ್ ಸೆಟ್ಟು ಅಂದರೆ ಹಾಡು ಹಾಕುವುದು ಅಂದುಕೊಂಡಿದ್ದೀರಿ. ಅಲ್ಲ. ಹಾರ್ನು ಅಂದರೆ ಸುತ್ತಿನ ಊರಿಗೆಲ್ಲ ಗಡಿಯಾರ. ಎರಡು ಮೈಲಿ ಆಚೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿರುವ ಹೆಂಗಸು ಹಾಡು ಕೇಳಿಯೇ, "ಈಗ ಹೆಣ್ಣಿಗೆ ಅರಿಸಿನ ಹಚ್ತಾ ಇದ್ದಾರೆ, ಇನ್ನೂ ಹೊತ್ತಿದೆ" ಅಂತ ಇನ್ನೊಂದು ಸಾಲು ಬಿಡಿಸುತ್ತಾಳೆ. ತಾಳಿ ಆಯಿತು ಅನ್ನುವ ಹಾಡು ಬಂದರೆ ಸೊಪ್ಪಿನ ಮಂಕರಿ ಅಲ್ಲೇ ಇಟ್ಟು, ಮುಖ ತೊಳೆದು, ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬರುತ್ತಾಳೆ. ಒಂದು ಪ್ಲೇಟು ಹಿಂದೆ ಮುಂದೆ ಆದರೆ ಇನ್ನೂರು ಜನ ಅನ್ನ ಬೇಯುವ ಮುಂಚೆ ಬಂದು ಕೂರುತ್ತಾರೆ, ಅಡಿಗೆಯವನು ಸೌಟು ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತಾನೆ. ಸಾವಿನ ಮನೆಗೂ ಹಾಗೇ. ನಿಧಾನದ ತತ್ವಪದ ಎರಡು ಸಲ ಕೇಳಿಸಿತು ಅಂದರೆ, ಯಾರು ಎತ್ತ ಅಂತ ವಿಚಾರಿಸದೆ ಪಕ್ಕದೂರಿನವರು ಹಾರ ಕಟ್ಟಿಸಿಕೊಂಡು ಹೊರಡುತ್ತಾರೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ಪ್ಲೇಟುಗಳು ನಮಗೆ ಸಿಕ್ಕಿದ್ದು ಕೋಳಿಯಿಂದ. ಎಪ್ಪತ್ತರ ಆಚೀಚೆ ಒಬ್ಬ ಅಮೆರಿಕದ ಯುವಕ ಬಂದು ನಮ್ಮೂರಲ್ಲಿ ಎರಡು ವರ್ಷ ಇದ್ದ. ನಮಗೆ ಕೋಳಿ ಸಾಕುವುದು ಕಲಿಸಬೇಕು ಅಂತ ಅಲ್ಲಿಂದ ಯಾರೋ ಕಳಿಸಿದ್ದರು. ನಾವು ಕೋಳಿ ಕಂಡವರಲ್ಲವಲ್ಲ, ಪಾಪ. ಅವನ ಹೆಸರು ಡೇವಿಡ್ಡೋ ಏನೋ, ನಾವು ದೇವಪ್ಪ ಅಂದೆವು. ಅವನ ಬಿಳಿ ಕೋಳಿಗಳು ಮೊದಲನೇ ಬೇಸಿಗೆಗೇ ಸತ್ತವು. ನಮ್ಮ ನಾಟಿ ಕೋಳಿಗಳು ಅವನ ತಗಡಿನ ಶೆಡ್ಡಿಗೆ ಹೋಗಿ ಸಂಸಾರ ಹೂಡಿದವು. ಹೊತ್ತು ಹೋಗದೆ ಗ್ರಾಮಫೋನು ಹಾಕಿಕೊಂಡು ಕೂರುತ್ತಿದ್ದ. ಅದು ಕೆಟ್ಟಾಗೆಲ್ಲ ಸೊಣ್ಣಪ್ಪನ ಹತ್ತಿರ ಬರುತ್ತಿದ್ದ. ಊರಿಗೆ ವಾಪಸ್ಸು ಹೋಗುವಾಗ ಮೂವತ್ತು ನಲವತ್ತು ಪ್ಲೇಟಿನ ಪೆಟ್ಟಿಗೆಯನ್ನು ನಮ್ಮ ಅಂಗಡಿಯಲ್ಲೇ ಬಿಟ್ಟ.

ಬಿಟ್ಟು ಹೋಗುವ ಮುಂಚೆ ಒಂದೊಂದನ್ನೂ ಹಾಕಿ ತೋರಿಸಿದ. ಬಾಯಿಗೆ ಬಂದ ಕನ್ನಡ, ಕಿವಿಗೆ ಬಿದ್ದ ತೆಲುಗು ಎರಡನ್ನೂ ಕಲಸಿ ಮಾತಾಡುತ್ತಿದ್ದ. ಹಾಡಿಗೆ ತೆಲುಗಿನವರ ಹಾಗೆ ಪಾಟ ಅನ್ನುತ್ತಿದ್ದ, ಬೆಟ್ಟಕ್ಕೆ ಕೊಂಡ, ಅವರು ಅನ್ನುವುದಕ್ಕೆ ವಾಳ್ಳು.

"ಅಕ್ಕಾ, ಇದು ಕೊಂಡ ಮೇಲಿರೋ ಬಡವರ ಪಾಟ. ವಾಳ್ಳು ತುಂಬ ಸ್ಪೀಡು. ಇದು ಕಪ್ಪು ಜನರ ಚರ್ಚಿಂದು. ಇದು ಹತ್ತಿ ಬಿಡಿಸೋರದು, ತುಂಬ ದುಃಖಂ. ಇದು ಸಿಪಾಯಿಗಳದು. ಇದು ನಮಗಿಂತ ಮುಂಚೆ ನಮ್ಮ ದೇಶದಲ್ಲಿ ಇದ್ದೋರದು."

"ಅವರೆಲ್ಲಿ ಈಗ?"

"ಭೂಮಿ ನಾವು ಕಿತ್ಕೊಂಡ್ವಿ ಅಕ್ಕಾ. ಪಾಟ ರೆಕಾರ್ಡ್ ಮಾಡ್ಕೊಂಡ್ವಿ."

"ಒಳ್ಳೆ ವ್ಯಾಪಾರ. ಇದು?"

"ಇದು ಕೋಟು ಹಾಕ್ಕೊಂಡು ಕೂತು ಕೇಳೋದು. ಕೆಮ್ಮಬಾರದು."

"ಕೆಮ್ಮು ಬಂದರೆ?"

"ಆಚೆ ಹೋಗಬೇಕು."

ಕೊನೆಯದಾಗಿ ಒಂದು ಪ್ಲೇಟು ತೆಗೆದ. ಅದರ ರಟ್ಟಿನ ಕವರಿನ ಮೇಲೆ ಕಪ್ಪು ಜನ ತುತ್ತೂರಿ ಊದಿಕೊಂಡು, ಛತ್ರಿ ಹಿಡಿದು ಬೀದಿಯಲ್ಲಿ ಕುಣಿಯುತ್ತಿದ್ದರು. ಅವರ ಕಡೆ ಒಂದು ಊರಿದೆಯಂತೆ. ಅಲ್ಲಿ ಯಾರಾದರೂ ಸತ್ತರೆ ಬ್ಯಾಂಡ್ ಸೆಟ್ಟಿನವರು ಹೆಣದ ಜೊತೆ ನಿಧಾನವಾಗಿ ನುಡಿಸಿಕೊಂಡು ಹೋಗುತ್ತಾರಂತೆ. ಅದು ಪ್ಲೇಟಿನ ಒಂದು ಮಗ್ಗುಲು. ಹೂತು ವಾಪಸ್ಸು ಬರುವಾಗ ಅವರೇ ಕುಣಿದುಕೊಂಡು ನುಡಿಸುತ್ತಾರಂತೆ. ಅದು ಇನ್ನೊಂದು ಮಗ್ಗುಲು.

"ಬರೋವಾಗ ಯಾಕೋ ಕುಣೀತಾರೆ?" ಅಂದೆ.

"ಅವರು ಇನ್ನೂ ಸತ್ತಿಲ್ಲವಲ್ಲ ಅಕ್ಕಾ."

ನಮ್ಮ ಕಡೆ ಹೋಗುವಾಗಲೇ ತಮಟೆ ಬಡಿದು ಕುಣಿಯುತ್ತಾರೆ. ಅವರು ಬರುವಾಗ ಕುಣಿಯುತ್ತಾರೆ. ಅಷ್ಟೇ ವ್ಯತ್ಯಾಸ ಅಂದುಕೊಂಡೆ.

ನನಗೆ ಇಂಗ್ಲಿಷು ಬಾರದು. ಕರೀ ಪ್ಲೇಟೆಲ್ಲ ಒಂದೇ ಥರ ಕಾಣುತ್ತವೆ. ಅದಕ್ಕೆ ಖಾಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕಿತ್ತು, ಮೈದಾ ಗೋಂದಿನಲ್ಲಿ ಪ್ಲೇಟಿನ ನಡುವೆ ಅಂಟಿಸಿದೆ. ಚರ್ಚಿನದಕ್ಕೆ ಹುಂಜ, ಅಂದರೆ ಬೆಳಿಗ್ಗೆ ಹಾಕುವುದು. ಕೊಂಡದ ಜನರದಕ್ಕೆ ಕುದುರೆ, ಊಟಕ್ಕೆ. ಸಿಪಾಯಿಗಳದಕ್ಕೆ ಹುಲಿ. ಹತ್ತಿಯವರದಕ್ಕೆ ಹಡಗು, ಕೆಲಸವಿಲ್ಲದ ಮಧ್ಯಾಹ್ನಕ್ಕೆ. ಹೂತು ಬರುವವರ ಕುಣಿತದ ಮಗ್ಗುಲಿಗೆ ಆನೆ, ಗಂಡಿನ ಕಡೆಯವರನ್ನು ಎದುರುಗೊಳ್ಳುವಾಗ ಹಾಕುವುದಕ್ಕೆ. ಅಷ್ಟು ಗಮ್ಮತ್ತಾದ ಪ್ಲೇಟು ನಮ್ಮ ಹತ್ತಿರ ಇನ್ನೊಂದಿರಲಿಲ್ಲ. ನಿಧಾನದ ಮಗ್ಗುಲಿಗೆ ಏನೂ ಅಂಟಿಸಲಿಲ್ಲ. ಕೋಟಿನವರದಕ್ಕೆ ನವಿಲು. ಅದಕ್ಕೆ ಏನು ಕೆಲಸ ಕೊಡುವುದು ಅಂತ ತಿಳಿಯಲಿಲ್ಲ, ಚಿತ್ರ ಚೆನ್ನಾಗಿದೆ ಅಂತ ಅಂಟಿಸಿದೆ.

ಒಂದು ಪ್ಲೇಟಿಗೆ ಕತ್ತರಿ. ಅದರಲ್ಲಿ ಸುಮಾರು ಹೊತ್ತು ಏನೂ ಕೇಳುವುದಿಲ್ಲ, ಆಮೇಲೆ ಯಾರೋ ತಗಡು ಬಡಿಯುತ್ತಾರೆ, ಒಂದು ಬಾಗಿಲು ಕಿರ್ ಅನ್ನುತ್ತದೆ, ಮತ್ತೆ ಸುಮ್ಮನೆ. ಮೊದಲ ಸಲ ಹಾಕಿದಾಗ ಆಂಪ್ಲಿಫೈಯರು ಹೋಯಿತು ಅಂತ ಸೊಣ್ಣಪ್ಪ ಎರಡು ದಿನ ಅದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಮೂರನೇ ದಿನ ದೇವಪ್ಪ ಬಂದು, "ಅಣ್ಣಾ, ಕೆಟ್ಟಿಲ್ಲ, ಅದೇ ಪಾಟ. ದೊಡ್ಡ ದೊಡ್ಡೋರು ಕೇಳ್ತಾರೆ" ಅಂದ. ಸೊಣ್ಣಪ್ಪ ಅವನಿಗೆ ಆವತ್ತು ಕಾಫಿ ಕೊಡಿಸಲಿಲ್ಲ.

ಈ ಪ್ಲೇಟುಗಳು ಸುತ್ತಿನ ನಾಲ್ಕು ತಾಲೂಕಿನಲ್ಲೂ ಓಡಾಡಿದವು. ಮಾಲೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಬೆಳಗಿನ ಜಾವ ಹುಂಜ ಹಾಕಿದೆ. ಪುರೋಹಿತರು ಕಣ್ಣು ಮುಚ್ಚಿ ತಲೆದೂಗಿದರು. "ಎಂಥ ಭಕ್ತಿ! ಯಾವ ಆಶ್ರಮದವರಮ್ಮ ಹಾಡಿರೋದು?" ಅಂತ ಕೇಳಿದರು. "ಸ್ವಲ್ಪ ದೂರದ ಆಶ್ರಮ ಸ್ವಾಮಿ" ಅಂದೆ. ಒಂದು ಸ್ಕೂಲಿನ ಧ್ವಜ ಹಾರಿಸುವ ದಿನ ಹುಲಿ ಹಾಕಿದೆ. ಮಕ್ಕಳು ಕಾಲು ಕುಟ್ಟಿಕೊಂಡು ನಡೆದರು. ದೇಶಭಕ್ತಿ ಉಕ್ಕಿ ಹರಿಯುವ ಸಂಗೀತ ಅಂತ ಹೆಡ್‌ಮೇಷ್ಟ್ರು ಭಾಷಣದಲ್ಲಿ ಎರಡು ಸಲ ಹೊಗಳಿದರು. ಯಾವ ದೇಶ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕುದುರೆ ಪ್ಲೇಟನ್ನು ಮೂವತ್ತಮೂರರ ಸ್ಪೀಡಿನಲ್ಲಿ ಓಡಿಸಬೇಕು. ಒಂದು ಸಲ ತಪ್ಪಿ ನಲವತ್ತೈದಕ್ಕೆ ಇಟ್ಟೆ. ಪಂಕ್ತಿಯಲ್ಲಿ ಕೂತಿದ್ದವರ ಕೈ ಹಾಡಿನ ವೇಗಕ್ಕೆ ಓಡಿತು. ಮುದ್ದೆ ನುಂಗಿದ್ದು ಗೊತ್ತಾಗಲಿಲ್ಲ, ಪಾಯಸ ಬಂದದ್ದು ಗೊತ್ತಾಗಲಿಲ್ಲ, ಎದ್ದು ಕೈ ತೊಳೆದರು. ಅಡಿಗೆಯವನು ಬಂದು, "ಅಕ್ಕಾ, ಎರಡನೇ ಪಂಕ್ತಿಗೂ ಅದನ್ನೇ ಹಾಕಿ" ಅಂದ. ಅವತ್ತಿನಿಂದ ಜನ ಜಾಸ್ತಿ ಇದ್ದರೆ ನಲವತ್ತೈದು, ಸಾರು ಇನ್ನೂ ಕುದಿಯುತ್ತಿದ್ದರೆ ಮೂವತ್ತಮೂರು.

ಹಡಗಿನ ಪ್ಲೇಟಿಗೆ ಒಬ್ಬನೇ ಗಿರಾಕಿ. ಕ್ಯಾಲನೂರಿನಲ್ಲಿ ಹಾಲಿನ ಡೇರಿ ಶುರುವಾದ ದಿನ ಮಂತ್ರಿ ಬರುವುದು ತಡವಾಯಿತು, ಹೊತ್ತು ತಳ್ಳಲು ಅದನ್ನು ಹಾಕಿದೆ. ಒಬ್ಬ ಮುದುಕ ಹಾರ್ನಿನ ಕೆಳಗೆ ಬಂದು ಕುಕ್ಕರಗಾಲಿನಲ್ಲಿ ಕೂತ.

"ಏನಂತಮ್ಮ ಇವನಿಗೆ?"

"ಹೆಂಡತಿ ಬಿಟ್ಟು ಹೋದಳಂತೆ."

"ಸುಳ್ಳು. ಹಸು ಸತ್ತಿದೆ. ಹೆಂಡತಿಗೆ ಯಾರಾದರೂ ಇಷ್ಟು ಅಳ್ತಾರಾ? ಇನ್ನೊಂದು ಸಲ ಹಾಕು."

ಎಂಬತ್ತರ ಮೇಲೆ ಕ್ಯಾಸೆಟ್ಟು ಬಂತು, ಪ್ಲೇಟು ಮೂಲೆ ಸೇರಿತು. ಕ್ಯಾಸೆಟ್ಟಿನಲ್ಲಿ ಬೇಕಾದ ಹಾಡು ಹುಡುಕಲು ತಿರುಗಿಸಿ ತಿರುಗಿಸಿ ಕೈ ಸೋಲುತ್ತದೆ, ಅಷ್ಟರಲ್ಲಿ ತಾಳಿ ಆಗಿ ಹೋಗಿರುತ್ತದೆ. ಪ್ಲೇಟಿನಲ್ಲಿ ಗೀರು ನೋಡಿ ಸೂಜಿ ಇಟ್ಟರೆ ಮುಗಿಯಿತು. ಆದರೆ ನಾನು ಹೇಳುವ ಮದುವೆ ಕ್ಯಾಸೆಟ್ಟಿಗಿಂತ ಮುಂಚಿನದು.

ಗೌನಿಪಲ್ಲಿಯ ಚಿಕ್ಕಣ್ಣ ಮಾವಿನ ತೋಪಿನವನು. ಬಾಯಿ ಸತ್ತ ಮನುಷ್ಯ. ಅವನ ಮಗಳು ರತ್ನಳಿಗೆ ಮಾಲೂರಿನ ಕಡೆ ಗಂಡು ಗೊತ್ತಾಗಿತ್ತು. ಹಿಂದಿನ ದಿನವೇ ಬರಬೇಕಿದ್ದ ಗಂಡಿನ ಕಡೆಯವರು ಬಸ್ಸು ಕೆಟ್ಟು ಬೆಳಿಗ್ಗೆ ಹತ್ತಕ್ಕೆ ಬಂದರು. ಮುಹೂರ್ತ ಹನ್ನೊಂದಕ್ಕೆ. ಅವರ ಮುಂದಾಳು ಗಂಡಿನ ಸೋದರಮಾವ ನಂಜುಂಡಪ್ಪ. ನೆರಳು ಎಲ್ಲಿ ಬೀಳಬೇಕು ಅಂತ ಮರಕ್ಕೇ ಹೇಳಿಕೊಡುವ ಜಾತಿ. ಅವನ ಪಕ್ಕದಲ್ಲಿ ಕೋಲಾರದ ಕಾಲೇಜಿನ ಒಬ್ಬ ಲೆಕ್ಚರರು. ಆರು ತಿಂಗಳು ಅಮೆರಿಕದಲ್ಲಿ ಇದ್ದು ಬಂದವನಂತೆ. ಬಸ್ಸಿಳಿದ ಐದು ನಿಮಿಷಕ್ಕೆ ಅದು ಊರಿಗೆಲ್ಲ ಗೊತ್ತಾಯಿತು, ಅವನೇ ಹೇಳಿದ.

ಆರತಿ ತಟ್ಟೆ ಬಂತು. ನಾನು ಆನೆ ಹಾಕಿದೆ. ತುತ್ತೂರಿ ಶುರುವಾಯಿತು. ಗಂಡಿನ ಕಡೆಯವರು ರಾತ್ರಿಯೆಲ್ಲ ಕೆಟ್ಟ ಬಸ್ಸಿನಲ್ಲಿ ಕೂತು ಜೋಲುಮುಖ ಹಾಕಿಕೊಂಡಿದ್ದವರು ನೆಟ್ಟಗಾದರು. ಮದುವೆ ಗಂಡೇ ಹೆಗಲು ಕುಣಿಸಿದ.

ಪ್ಲೇಟಿನ ಕವರುಗಳನ್ನು ನಾನು ಮನೆಯಲ್ಲೇ ಇಡುವುದು ರೂಢಿ. ಅವತ್ತು ದಾರಿ ಧೂಳು ಅಂತ ಕವರು ಸಮೇತ ತಂದಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಈ ಕೆಲಸಕ್ಕೆ ಬರುವವರು ಇದೊಂದು ಕಲಿತುಕೊಳ್ಳಿ: ಓದಿದವರು ಇರುವ ಕಡೆ ಕವರು ತರಬೇಡಿ. ಇನ್ನೊಂದು ತಪ್ಪು, ಮೈಕಿನ ಸ್ವಿಚ್ಚು ಆಫ್ ಮಾಡಿರಲಿಲ್ಲ.

ಲೆಕ್ಚರರು ನನ್ನ ಮೇಜಿನ ಹತ್ತಿರ ಬಂದು ಕವರು ಎತ್ತಿಕೊಂಡ. ಕನ್ನಡಕ ಸರಿಮಾಡಿಕೊಂಡು ಓದಿದ.

"ಏನಮ್ಮ, ಇದೇನು ಅಂತ ಗೊತ್ತಾ ನಿನಗೆ?"

"ಗೊತ್ತು ಸಾರ್. ಆನೆ."

"ಆನೆಯೂ ಅಲ್ಲ ಕುದುರೆಯೂ ಅಲ್ಲ. ಇದು ಶವಸಂಸ್ಕಾರದ ಸಂಗೀತ! ಶವಸಂಸ್ಕಾರ!"

ಮೈ​ಕು ಅವನ ಎದೆಯ ಮುಂದೆ ಇತ್ತು. ಎರಡು ಹಾರ್ನೂ ಆ ಮಾತನ್ನು ಎತ್ತಿಕೊಂಡು ತೋಪಿನ ಮೇಲೆ ಹಾಯಿಸಿ ಆಂಧ್ರದ ಗಡಿ ತನಕ ಮುಟ್ಟಿಸಿದವು. ನಾನು ಸೂಜಿ ಎತ್ತಿದೆ. ಆರತಿ ಹಿಡಿದವಳ ಕೈ ಅರ್ಧಕ್ಕೆ ನಿಂತಿತು.

"ಏನ್ರೀ ಚಿಕ್ಕಣ್ಣ!" ನಂಜುಂಡಪ್ಪ ಕೂಗಿದ. "ನಮ್ಮ ಹುಡುಗನ್ನ ಹೆಣದ ಮೆರವಣಿಗೇಲಿ ಕರ್ಕೊಂಡ್ ಬರ್ತೀರೇನ್ರೀ?"

ಚಿಕ್ಕಣ್ಣ ಕೈ ಮುಗಿದ. ನಾನೇ ಹೇಳಿದೆ. "ಅದು ಹೋಗೋವಾಗಿಂದಲ್ಲ ಯಜಮಾನ್ರೇ. ಹೂತು ವಾಪಸ್ ಬರೋವಾಗಿಂದು." ನಿಜವೇ ಹೇಳಿದ್ದು. ನಿಜ ಹೇಳುವ ಹೊತ್ತು ಅದಾಗಿರಲಿಲ್ಲ. "ಮೂರು ವರ್ಷದಿಂದ ಈ ಪ್ಲೇಟಿಗೆ ಮದುವೆ ಆದವರೆಲ್ಲ ಸುಖವಾಗವ್ರೆ" ಅಂತ ಸೇರಿಸಿದೆ. ಒಂದು ಜೋಡಿ ಬೇರೆಯಾಗಿತ್ತು, ಅದಕ್ಕೆ ಕಾರಣ ಅತ್ತೆ, ಪ್ಲೇಟಲ್ಲ.

"ನಾಳೆ ನಂಗಲೀಲಿ ನನ್ನ ಷಡ್ಡಕನ ಮಗಳ ಮದುವೆಗೂ ನೀನೇ ತಾನೆ ಒಪ್ಕೊಂಡಿರೋದು?" ನಂಜುಂಡಪ್ಪ ನನ್ನ ಕಡೆ ತಿರುಗಿದ. "ಆ ಕಡೆ ತಲೆ ಹಾಕ್ಬೇಡ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾರು ನಿನ್ನ ಸೆಟ್ ಕರೀತಾರೋ ನಾನೂ ನೋಡ್ತೀನಿ."

ಅದು ಬರೀ ಬಾಯಿಮಾತಲ್ಲ. ಮೈಕ್ ಸೆಟ್ಟಿಗೆ ಅಪಶಕುನದ ಹೆಸರು ಒಂದು ಸಲ ಅಂಟಿತು ಅಂದರೆ ಬಿಡುವುದಿಲ್ಲ. ನಮ್ಮ ಹಾಗೇ ಸೆಟ್ಟು ಇಟ್ಟಿದ್ದ ಒಬ್ಬನ ಹಾಡು ಬರುವಾಗ ಚಪ್ಪರ ಕುಸಿಯಿತು. ಗಾಳಿಗೆ ಕುಸಿದದ್ದು. ಆಮೇಲೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿ ಮಾರಿದ. ನನಗೆ ಮನೆಯಲ್ಲಿ ಸೊಂಟ ಬಿದ್ದ ಗಂಡ, ಓದುವ ಇಬ್ಬರು ಮಕ್ಕಳು. ನಂಗಲಿ ತಪ್ಪಿದರೆ ಅದರ ಹಿಂದೆ ಎಲ್ಲವೂ ತಪ್ಪುತ್ತದೆ ಅಂತ ನನಗೆ ಗೊತ್ತಿತ್ತು.

ಪುರೋಹಿತರು ಮುಹೂರ್ತ ಮೀರುತ್ತದೆ ಅಂತ ಗೊಣಗಿದರು. ಲೆಕ್ಚರರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಕ್ಲಾಸು ಶುರುವಾಯಿತು.

"ನೋಡಿ, ಅಮೆರಿಕದ ಸಂಗೀತದಲ್ಲಿ ಎರಡು ಪರಂಪರೆ. ಒಂದು ಶಾಸ್ತ್ರೀಯ. ಇನ್ನೊಂದು ಜನಪ್ರಿಯ."

"ಈ ಹೆಣದ್ದು ಯಾವುದರಲ್ಲಿ ಬರುತ್ತೆ?" ನಂಜುಂಡಪ್ಪ ಕೇಳಿದ.

"ಜನಪ್ರಿಯ."

"ಥೂ. ಇನ್ನೊಂದು?"

"ಶಾಸ್ತ್ರೀಯ ಅನ್ನೋದು ಪವಿತ್ರ. ಶುದ್ಧ. ದೋಷಪರಿಹಾರಕ್ಕೆ ಅದನ್ನೇ ಹಾಕಿಸೋಣ." ನನ್ನ ಪೆಟ್ಟಿಗೆಗೆ ಕೈ ಹಾಕಿ ಒಂದೊಂದೇ ಕವರು ಓದಿ ನವಿಲು ತೆಗೆದ. "ನೋಡಿ, ಬರೀ ತಂತಿ ವಾದ್ಯ. ನಮ್ಮ ವೀಣೆ ಇದ್ದ ಹಾಗೆ."

"ಸಾರ್, ಅದು ತುಂಬ ನಿಧಾನ. ಹಾರ್ನಲ್ಲಿ ಬೇಡ" ಅಂದೆ.

"ಸಾವಿನ ಪ್ಲೇಟ್ ಹಾಕಿದೋಳು ನಮಗೆ ಬುದ್ಧಿ ಹೇಳ್ತಾಳೆ" ಅಂದ ನಂಜುಂಡಪ್ಪ. "ಹಾಕಮ್ಮ."

ಹಾಕಿದೆ. ಹತ್ತಾರು ಪಿಟೀಲು ಒಟ್ಟಿಗೆ, ಯಾರೋ ಉಸಿರು ಬಿಗಿಹಿಡಿದು ಬಿಕ್ಕುವ ಹಾಗೆ, ಒಂದು ಮೆಟ್ಟಿಲು ಹತ್ತಿ ನಿಲ್ಲುವುದು, ಇನ್ನೊಂದು ಹತ್ತಿ ನಿಲ್ಲುವುದು. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಒಳಗೆ ಜಡೆ ಹಾಕಿಸಿಕೊಳ್ಳುತ್ತಿದ್ದ ರತ್ನ ಅಳಲು ಶುರುಮಾಡಿದಳು. ಬೆಳಿಗ್ಗೆಯಿಂದ ಗದ್ದಲ ಮಾಡುತ್ತಿದ್ದ ಅಡಿಗೆಯವರು ಒಗ್ಗರಣೆ ನಿಲ್ಲಿಸಿ ಹೆಗಲ ಮೇಲಿನ ಟವೆಲ್ಲು ತೆಗೆದರು. ಲೆಕ್ಚರರು ಕಣ್ಣು ಮುಚ್ಚಿ ನಿಂತ. ಅವನೊಬ್ಬನೇ ಸಂತೋಷವಾಗಿದ್ದ. ಪ್ಲೇಟು ಮುಗಿಯಿತು. "ಇನ್ನೊಂದು ಸಲ" ಅಂದ.

ಎರಡು ಸಲ. ನಿಧಾನದ ಹಾಡು. ಅದಕ್ಕೂ ಮುಂಚೆ ಹಾರ್ನಿನಲ್ಲಿ ಶವಸಂಸ್ಕಾರ ಅಂತ ಕೂಗು. ಚಿಕ್ಕಣ್ಣನ ತಾಯಿ ಅಕ್ಕಯ್ಯಮ್ಮನಿಗೆ ತೊಂಬತ್ತು ಮುಟ್ಟಿತ್ತು ಅಂತ ಸುತ್ತಿನ ಊರಿಗೆಲ್ಲ ಗೊತ್ತು. ಇನ್ನೇನು ಬೇಕು? ಅರ್ಧ ಗಂಟೆಯಲ್ಲಿ ತೋಪಿನ ದಾರಿಯಲ್ಲಿ ಜನ ಕಾಣಿಸಿದರು. ಮುಂದೆ ನಾಲ್ಕು ಜನ ತಮಟೆ ಹೆಗಲಿಗೆ ಹಾಕಿಕೊಂಡು. ಹಿಂದೆ ಹಾರ ಹಿಡಿದ ಗಂಡಸರು. ಅವರ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸರು. ಒಬ್ಬಳು ಚಪ್ಪರ ನೋಡದೆ, ಬಾಳೆಕಂಬ ನೋಡದೆ, ನೇರ ಬಾಗಿಲಿಗೆ ಬಂದು ಎದೆ ಬಡಿದುಕೊಂಡಳು.

"ಪೋಯಾವಾ ಅವ್ವಾ! ಮಮ್ಮಲ್ನಿ ವದಿಲಿ ಪೋಯಾವಾ!" ನಮ್ಮನ್ನು ಬಿಟ್ಟು ಹೋದೆಯಾ ಅಂತ.

ಅಕ್ಕಯ್ಯಮ್ಮ ಅಲ್ಲೇ ಜಗುಲಿ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿತ್ತು. ಕುಟ್ಟುವುದು ನಿಲ್ಲಿಸಿ ತಲೆ ಎತ್ತಿತು.

"ಎಕ್ಕಡಿಕೇ ಪೊಯ್ಯೇದಿ? ಇಕ್ಕಡೇ ಉಂಡಾನು." ಎಲ್ಲಿಗೆ ಹೋಗೋದು, ಇಲ್ಲೇ ಇದ್ದೀನಿ.

ಅಳುತ್ತಿದ್ದವಳು ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದಳು.

ತಮಟೆಯವರ ಹಿರಿಯ ಮುನಿವೆಂಕಟ ಸುತ್ತಲೂ ನೋಡಿದ. "ಹೆಣ ಎಲ್ಲಿ?"

"ಹೆಣ ಇಲ್ಲ ಕಣೋ. ಮದುವೆ ಇದೆ" ಅಂದೆ.

"ಮತ್ತೆ ಶವಸಂಸ್ಕಾರ ಅಂತ ಹಾರ್ನಲ್ಲಿ ಒದರಿದ್ದು ಯಾವನು?"

ಎಲ್ಲರೂ ಲೆಕ್ಚರರ ಕಡೆ ತಿರುಗಿದರು. ಅವನು ನವಿಲಿನ ಕವರು ಮುಖಕ್ಕೆ ಹಿಡಿದು ಓದುತ್ತಿದ್ದ.

ನಂಜುಂಡಪ್ಪ ಕುರ್ಚಿಯಿಂದ ಎದ್ದ. "ಮುಗೀತು. ತಾಳಿ ಕಟ್ಟೋ ಹೊತ್ತಿಗೆ ಮನೆಬಾಗಿಲಿಗೆ ಹೆಣದ ಹಾರ ಬಂತು. ಎದ್ದೇಳ್ರೋ, ಬಸ್ ಹತ್ರಿ." ಚಿಕ್ಕಣ್ಣ ಅವನ ಕೈ ಹಿಡಿಯಲು ಹೋದ, ಅವನು ಕೊಡವಿದ. ಗಂಡು ಎದ್ದು ನಿಂತು ಒಮ್ಮೆ ಮಾವನನ್ನು, ಒಮ್ಮೆ ಒಳಬಾಗಿಲನ್ನು ನೋಡುತ್ತಿದ್ದ. ನಿಂತ ಮದುವೆಯ ಮೈಕ್ ಸೆಟ್ಟು ಅಂದರೆ ನಾಲ್ಕು ತಾಲೂಕಲ್ಲ, ಸ್ವಂತ ಬೀದಿಯಲ್ಲೂ ಯಾರೂ ಕರೆಯುವುದಿಲ್ಲ.

"ಏ ಮಾಲೂರಪ್ಪ" ಅಂತು ಅಕ್ಕಯ್ಯಮ್ಮ. "ಕೂತ್ಕೋ. ಮುದುಕಿ ಎದ್ದು ಬರೋಕಾಗಲ್ಲ."

ಅವನು ಕೂರಲಿಲ್ಲ, ಆದರೆ ನಿಂತ.

"ಬದುಕಿರೋರ್ನ ಸತ್ತರು ಅಂತ ಅತ್ತರೆ ಆಯಸ್ಸು ಗಟ್ಟಿಯಾಗುತ್ತೆ. ನಿಮ್ಮೂರಲ್ಲಿ ಹಂಗೆ ಹೇಳಲ್ವಾ?"

"ಹೇಳ್ತಾರೆ..."

"ಇವತ್ತು ನನಗೆ ನಲವತ್ತು ಜನ ಅತ್ತವ್ರೆ. ಮನೆ ಹಿರಿಯಳ ಆಯಸ್ಸು ಹೆಚ್ಚಿದ ದಿನ ಈ ಮನೆ ಮಗಳು ನಿಮ್ಮನೆಗೆ ಬರ್ತಾವಳೆ. ಇದು ಕೆಟ್ಟ ಶಕುನ ಅಂತ ನಿನ್ನ ಬಾಯಲ್ಲಿ ಹೇಳು. ನಾನು ಸಾಯಬೇಕಿತ್ತು ಅಂತ ಹೇಳು. ಕೇಳ್ತೀನಿ."

ಎಲ್ಲರೂ ನಂಜುಂಡಪ್ಪನ ಬಾಯಿ ನೋಡುತ್ತಿದ್ದರು. ಅವನು ಕುರ್ಚಿ ಎಳೆದುಕೊಂಡು ಕೂತ.

"ಹಾರ ಇತ್ತ ಕೊಡ್ರೋ" ಅಂತು ಅಕ್ಕಯ್ಯಮ್ಮ. ಒಂದರ ಮೇಲೊಂದು ನಾಲ್ಕು ಹಾರ ಹಾಕಿಕೊಂಡಿತು. "ಲೇ ಮುನಿವೆಂಕಟ, ಹೊತ್ತುಕೊಂಡು ಬಂದಿದ್ದೀಯ, ಬಡಿ. ಪಾಪಮ್ಮ, ಆ ಬಿಕ್ಕೋ ಪ್ಲೇಟು ತೆಗಿಯೇ. ಮೊದಲು ಹಾಕಿದ್ಯಲ್ಲ, ಕುಣಿಯೋದು, ಅದನ್ನ ಹಾಕು."

ಆನೆ ಹಾಕಿದೆ. ಮುನಿವೆಂಕಟ ಎರಡು ಕ್ಷಣ ಕಿವಿಗೊಟ್ಟ, ಮೂರನೆಯದಕ್ಕೆ ತಮಟೆ ಹಿಡಿದುಕೊಂಡ. ಎಲ್ಲಿಯದೋ ಕಪ್ಪು ಜನ ತುತ್ತೂರಿಯಲ್ಲಿ ಬಿಟ್ಟ ಜಾಗವನ್ನು ಗೌನಿಪಲ್ಲಿಯ ತಮಟೆ ತುಂಬಿತು. "ಇವರದೂ ನಮ್ಮದೇ ಕೆಲಸ ಕಣಕ್ಕ" ಅಂದ ಅವನು, "ಬಡಿಯೋದರಲ್ಲೇ ಗೊತ್ತಾಗುತ್ತೆ." ಪುರೋಹಿತರು ತಮ್ಮ ಗಡಿಯಾರ ಸ್ವಲ್ಪ ಮುಂದಿದೆ ಅಂತ ಕಂಡುಹಿಡಿದರು, ಮುಹೂರ್ತ ಮೀರಲಿಲ್ಲ. ರತ್ನಳ ಕೊರಳಿಗೆ ತಾಳಿ ಬಿತ್ತು, ಹೆಣಕ್ಕೆ ಬಂದವರೂ ಊಟಕ್ಕೆ ಕೂತರು. ಈ ಲಯ ಆಫ್ರಿಕದಿಂದ ಬಂದದ್ದು ಅಂತ ಲೆಕ್ಚರರು ಎಲೆ ಮುಂದೆ ಕೂತು ಯಾರಿಗೋ ಹೇಳುತ್ತಿದ್ದ. ನಾನು ಸ್ಪೀಡನ್ನು ನಲವತ್ತೈದಕ್ಕೆ ತಿರುಗಿಸಿ ಕುದುರೆ ಹಾಕಿದೆ.

ಮದುವೆ ಉಳಿಯಿತು. ನನ್ನ ಕೆಲಸ ಇನ್ನೂ ಉಳಿದಿರಲಿಲ್ಲ. ನಂಜುಂಡಪ್ಪ ಹೋಳಿಗೆ ಎರಡು ಸಲ ಹಾಕಿಸಿಕೊಂಡು ತಿಂದು, ಬಸ್ಸು ಹತ್ತುವಾಗ ನನ್ನ ಕಡೆ ಬೆರಳು ತೋರಿಸಿದ. "ಮುದುಕಿ ಮಾತಿಗೆ ಸುಮ್ಮನಾದೆ. ನಂಗಲಿಗೆ ಮಾತ್ರ ಬರಬೇಡ. ಈವತ್ತೇ ಹೇಳಿಬಿಡ್ತೀನಿ ನನ್ನ ಷಡ್ಡಕನಿಗೆ."

ಸಾಯಂಕಾಲ ಅಂಗಡಿಗೆ ಬಂದು ಸೊಣ್ಣಪ್ಪನಿಗೆ ಹೇಳಿದೆ. "ಆ ಆನೆ ಪ್ಲೇಟು ಒಲೆಗೆ ಹಾಕೇ" ಅಂದ.

"ಹಾಕಿದರೆ ನಾಳೆ ಗಂಡು ಬರೋವಾಗ ಏನು ಹಾಕಲಿ, ನಿನ್ನ ಗೊರಕೆಯಾ?"

"ನಾಳೆ ಹೋಗ್ತೀಯಾ?"

"ಬೇಡ ಅಂತ ನಂಗಲಿಯವನು ಹೇಳಿಲ್ಲ. ಮಾಲೂರಿನವನು ಹೇಳಿದ್ದಾನೆ."

ನವಿಲನ್ನು ಮಾತ್ರ ಮದುವೆ ಪೆಟ್ಟಿಗೆಯಿಂದ ತೆಗೆದು ಸಾವಿನ ಮನೆಗೆ ಒಯ್ಯುವ ಪೆಟ್ಟಿಗೆಯಲ್ಲಿ ಇಟ್ಟೆ. ಅಷ್ಟು ವರ್ಷ ಕೆಲಸವಿಲ್ಲದೆ ಕೂತಿದ್ದ ಪ್ಲೇಟಿಗೆ ಕೊನೆಗೂ ಕೆಲಸ ಸಿಕ್ಕಿತು. ಆಮೇಲೆ ಎಷ್ಟೋ ಮನೆಗಳಲ್ಲಿ ಅದು ಹಾಡಿತು. ಯಾರೂ ಕೆಮ್ಮಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿನ ಮೇಲೆ ಹಾರ್ನು ಹಾಕಿಸಿಕೊಂಡು ನಂಗಲಿಗೆ ಹೋದೆ. ಕವರುಗಳನ್ನೆಲ್ಲ ಮನೆಯಲ್ಲೇ ಬಿಟ್ಟಿದ್ದೆ. ಮದುವೆಮನೆ ಯಜಮಾನ ಗೋವಿಂದಪ್ಪ, ನಂಜುಂಡಪ್ಪನ ಷಡ್ಡಕ, ಲಾರಿ ಇಟ್ಟವನು, ಹೈವೇ ಪಕ್ಕದಲ್ಲೇ ಮನೆ. ಚಪ್ಪರದ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ. ಅವನ ಹಿಂದೆ ಮೊದಲನೇ ಕುರ್ಚಿಯಲ್ಲಿ ನಂಜುಂಡಪ್ಪ.

"ನಿನ್ನೆ ಅದೇನೋ ಸಾವಿನ ಪ್ಲೇಟು ಹಾಕಿದ್ಯಂತೆ?" ಅಂದ ಗೋವಿಂದಪ್ಪ.

"ಹಾಕಿದೆ ಅಣ್ಣ."

"ಆ ದರಿದ್ರದ್ದು ಇಲ್ಲಿ ಆಚೆ ತೆಗೀಬೇಡ, ಹೇಳಿದ್ದೀನಿ. ಹೋದ ವರ್ಷ ನಮ್ಮ ಡ್ರೈವರ್ ಮದುವೇಲಿ ಗಂಡು ಬರೋವಾಗ ಒಂದು ಹಾಕಿದ್ಯಲ್ಲ, ಪೋಂ ಪೋಂ ಅಂತ ತುತ್ತೂರಿದು? ಅದು ಹಾಕು. ಅದಿಲ್ದೆ ನಮ್ಮ ಹುಡುಗರು ಒಬ್ಬರೂ ಕುಣಿಯಲ್ಲ."

"ಆಗಲಿ ಅಣ್ಣ" ಅಂದೆ.

ಹಾರ್ನುಗಳನ್ನು ಎರಡು ಮರಕ್ಕೆ ಕಟ್ಟಿಸಿದೆ. ಗಂಡಿನ ಕಾರು ಬಂದು ನಿಂತಿತು. ನಾನು ಆನೆ ಚಿತ್ರದ ಪ್ಲೇಟು ತೆಗೆದು, ಸೆರಗಿನಿಂದ ಧೂಳು ಒರೆಸಿ, ಸೂಜಿ ಇಟ್ಟೆ. ಮೊದಲನೇ ತುತ್ತೂರಿಗೇ ಲಾರಿಯವರು ಶಿಳ್ಳೆ ಹಾಕಿ ಬೀದಿಗೆ ಇಳಿದರು. ಗೋವಿಂದಪ್ಪ ಮೇಲುಹೊದಿಕೆ ತಲೆಗೆ ಸುತ್ತಿ ಅವರ ನಡುವೆ ಸೇರಿಕೊಂಡ.

ನಂಜುಂಡಪ್ಪ ಕುರ್ಚಿಯಿಂದ ಅರ್ಧ ಎದ್ದ. ತಿರುಗುತ್ತಿದ್ದ ಆನೆಯನ್ನು ನೋಡಿದ, ನನ್ನನ್ನು ನೋಡಿದ, ಕುಣಿಯುತ್ತಿದ್ದ ಷಡ್ಡಕನನ್ನು ನೋಡಿದ. ಮತ್ತೆ ಕೂತ. ನಾನು ಮೈಕಿನ ಸ್ವಿಚ್ಚು ಆಫ್ ಆಗಿದೆಯಾ ಅಂತ ನೋಡಿಕೊಂಡು, ಸೌಂಡನ್ನು ಇನ್ನಷ್ಟು ಏರಿಸಿದೆ.